ನೆಂಟರಿಗೆ ನಮ್ಮೂರಿನ ನೀರಿನ ದಾರಿಯನ್ನೂ ತೋರಿಸೋಣ

ವಿಜಯಪುರದ ಮಾನ್ಯ ಜಿಲ್ಲಾಧಿಕಾರಿಗಳಿಗೆ,



ನಮ್ಮೂರಿಗೆ ಬಂದ ನೆಂಟರನ್ನು ಎಲ್ಲಿಗೆ ಕರೆದೊಯ್ಯಬೇಕೆಂದು ಇಲ್ಲಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ರೈಲಿನಿಂದ ಇಳಿಯುವ ಮೊದಲೇ ಗೋಳಗುಮ್ಮಟ ಕಣ್ಣಿಗೆ ಬಿದ್ದಿರುತ್ತದೆ. ಅದನ್ನು ಹತ್ತಿಳಿದು, ಇಬ್ರಾಹಿಂ ರೋಜಾ ನೋಡಿ, ಮಲಿಕ್-ಎ-ಮೈದಾನ್ ತೋಪಿನ ಮುಂದೆ ಫೋಟೊ ತೆಗೆಸಿಕೊಂಡರೆ ಊರು ನೋಡಿ ಮುಗಿಯಿತು, ಮಧ್ಯಾಹ್ನ ಬಾದಾಮಿಯ ದಾರಿ. ಈ ಅರ್ಧ ದಿನದ ಊರು ಎರಡು ದಿನ ನಿಂತು ನೋಡುವ ಊರಾಗಬೇಕು ಎಂಬ ಆಸೆಯಿಂದ ಈ ಪತ್ರ ಬರೆಯುತ್ತಿದ್ದೇನೆ. ಅದಕ್ಕಾಗಿ ಹೊಸದೇನನ್ನೂ ಕಟ್ಟಬೇಕಿಲ್ಲ. ಆದಿಲ್‌ಶಾಹಿಗಳು ನೆಲದಡಿ ಕಟ್ಟಿಟ್ಟ ನೀರಿನ ದಾರಿಯನ್ನು ಜನರ ಕಣ್ಣಿಗೆ ತಂದರೆ ಸಾಕು.

ಈ ಮಾತನ್ನು ನನ್ನ ತಲೆಗೆ ಹಾಕಿದವರು ಕುಂದಾಪುರದ ನಮ್ಮ ಬೀಗರು. ಗುಮ್ಮಟದೊಳಗೆ ಶಾಲೆ ಮಕ್ಕಳ ಕೂಗು, ಸಿಳ್ಳೆ ಮತ್ತೆ ಮತ್ತೆ ಮೊಳಗುತ್ತಿದ್ದಾಗ ಅವರು ಹೊರಗಿನ ಮಾಳಿಗೆಗೆ ಬಂದು ಸುತ್ತಲೂ ಕಣ್ಣಾಡಿಸಿದರು. ಮಳೆನಾಡಿನ ಮನುಷ್ಯ. "ಅಲ್ಲ ಬೀಗರೇ, ಹತ್ತಿರದಲ್ಲಿ ಒಂದು ಹೊಳೆಯೂ ಕಾಣುವುದಿಲ್ಲ. ಇಷ್ಟು ದೊಡ್ಡ ರಾಜಧಾನಿಗೆ ನೀರಿಗೆ ಎಂತ ಮಾಡ್ತಿದ್ರು?" ಎಂದರು. ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆ ಕಾಣುವ ಸೀಮೆಯಲ್ಲಿ ಕೇಳಲೇಬೇಕಾದ ಪ್ರಶ್ನೆ.

ಮರುದಿನ ಅವರನ್ನು ಆಟೋದಲ್ಲಿ ಕೂರಿಸಿಕೊಂಡು ತೊರವಿಗೆ ಹೋದೆ. ಇಮ್ಮಡಿ ಇಬ್ರಾಹಿಂ ಆದಿಲ್‌ಶಾಹ 1599ರಲ್ಲಿ ನವರಸಪುರವನ್ನು ಕಟ್ಟಿಸಲು ತೊಡಗಿದ್ದು ಅಲ್ಲಿಯೇ. ಕುಮಾರ ವಾಲ್ಮೀಕಿ ಕನ್ನಡದ ರಾಮಾಯಣ ಬರೆದದ್ದೂ ಅಲ್ಲಿಯ ನರಸಿಂಹನ ಅಂಕಿತದಲ್ಲಿ. ಬೀಗರು ತೊರವೆ ರಾಮಾಯಣದ ಹೆಸರು ಕೇಳಿದ್ದರು, ಆ ತೊರವೆ ಇದೇ ಎಂದು ಗೊತ್ತಿರಲಿಲ್ಲ. ಗುಡಿಗೆ ಕೈಮುಗಿದು ಸುರಂಗ ಬಾವಡಿಯ ಕಡೆ ನಡೆದೆವು. ಇಲ್ಲಿಂದ ನಗರದತ್ತ ನೆಲದಡಿ ಸುರಂಗ ಕೊರೆದಿದ್ದಾರೆ. ಇರಾನಿನಲ್ಲಿ ಬೆಳೆದ ಕರೇಜ್ ಪದ್ಧತಿ ಅದು. ಇಳಿಜಾರು ಹಿಡಿದು ನೀರು ತಾನಾಗಿ ಹರಿಯುತ್ತದೆ, ಎತ್ತುವ ಗೋಜಿಲ್ಲ. ನಡುನಡುವೆ ಗಾಳಿ ಬೆಳಕಿಗೂ, ಹೂಳು ತೆಗೆಯಲು ಇಳಿಯುವವರಿಗೂ ಬಾವಿಯಂಥ ಕಿಂಡಿಗಳು. ನ್ಯೂಯಾರ್ಕಿನ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ 2020ರ ತನ್ನ ಪಟ್ಟಿಯಲ್ಲಿ ದಖ್ಖನಿನ ಹಳೆಯ ನೀರಿನ ವ್ಯವಸ್ಥೆಗಳನ್ನು ಸೇರಿಸಿದ್ದು ಇಂಥ ಕೆಲಸದ ಬೆಲೆ ಅರಿತೇ.

ಅಲ್ಲಿಂದ ತಾಜ್ ಬಾವಡಿ. ದೊಡ್ಡ ಕಮಾನು, ಎರಡೂ ಬದಿಗೆ ಎಂಟು ಮೂಲೆಯ ಗೋಪುರ. ಒಳಗೆ ಕಾಲಿಟ್ಟ ಕೂಡಲೇ ರಸ್ತೆಯ ಹಾರ್ನ್ ಸದ್ದು ಹಿಂದೆ ಉಳಿಯುತ್ತದೆ, ಮೆಟ್ಟಿಲ ಕೆಳಗೆ ಕೆರೆಯಷ್ಟು ಅಗಲದ ಚೌಕ ನೀರು. ಸುಲ್ತಾನನ ರಾಣಿ ತಾಜ್ ಸುಲ್ತಾನಾಳ ಹೆಸರಿನ ಈ ಬಾವಿ 1620ರದು. ಬೀಗರು ಮೆಟ್ಟಿಲ ಮೇಲೆ ಕೂತವರು ಎದ್ದೇಳಲು ಒಪ್ಪಲಿಲ್ಲ. ದಾರಿಹೋಕರು ಬಂದು ಉಳಿದುಕೊಳ್ಳುತ್ತಿದ್ದ ಜಾಗವದು. ಕೂತುಬಿಡಬೇಕೆನಿಸುವುದು ಸಹಜ. ಕೆಲ ವರ್ಷಗಳ ಹಿಂದೆ ಇದರ ಹೂಳೆತ್ತಿ ಕಸ ತೆಗೆದವರನ್ನು ಊರು ಮರೆಯಬಾರದು. ಆದರೆ ಬಾವಿಯ ಚೊಕ್ಕಟ ವರ್ಷ ವರ್ಷ ಆಗಬೇಕಾದ ಕೆಲಸ.

ಪೇಟೆಯ ಓಣಿಗಳಲ್ಲಿ ನಿಂತ ಗಂಜ್‌ಗಳನ್ನು ತೋರಿಸಿದಾಗ ಬೀಗರಿಗೆ ಇನ್ನೂ ಸೋಜಿಗ. ಮಣ್ಣಿನ ಕೊಳವೆಗಳಲ್ಲಿ ಬಂದ ನೀರು ಈ ಕಲ್ಲಿನ ಗೋಪುರಗಳೊಳಗೆ ಏರಿ, ಒತ್ತಡ ಇಳಿಸಿಕೊಂಡು, ಕೆಸರನ್ನು ತಳಕ್ಕೆ ಬಿಟ್ಟು ಮುಂದಿನ ಓಣಿಗೆ ಹೋಗುತ್ತಿತ್ತು. ನಾವು ನೋಡಿದ ಒಂದಕ್ಕೆ ಕೋಚಿಂಗ್ ಕ್ಲಾಸಿನ ಪೋಸ್ಟರ್ ಅಂಟಿತ್ತು. ಪಕ್ಕದ ಅಂಗಡಿಯ ಹುಡುಗನಿಗೆ ಅದು ಏನೆಂದೇ ತಿಳಿಯದು. ನನಗೆ ಸಂಕಟವಾದದ್ದು ಇಲ್ಲಿ. ಓಣಿಯ ಮಗನಿಗೇ ಹೇಳಿಕೊಡದಿದ್ದರೆ ಪರವೂರಿನವರಿಗೆ ಯಾರು ಹೇಳಬೇಕು?

ಸ್ವಾಮಿ, ಈ ಜಾಗಗಳ ಉಸ್ತುವಾರಿ ಒಬ್ಬರದಲ್ಲ. ಪುರಾತತ್ವದವರು, ಪ್ರವಾಸೋದ್ಯಮದವರು, ಪಾಲಿಕೆಯವರು ಒಂದೇ ಮೇಜಿನ ಸುತ್ತ ಕೂರಬೇಕಾದರೆ ಕರೆಯಬೇಕಾದವರು ನೀವೇ. ತೊರವಿಯಿಂದ ಹೊರಟು ಇಬ್ರಾಹಿಂ ರೋಜಾ, ತಾಜ್ ಬಾವಡಿ, ಗಂಜ್‌ಗಳು, ಅಸರ್ ಮಹಲಿನ ಮುಂದಿನ ಕೊಳ ಹಾಯ್ದು ಗೋಳಗುಮ್ಮಟಕ್ಕೆ ಮುಗಿಯುವ ದಾರಿಯೊಂದನ್ನು ಗುರುತಿಸಿ. ಪ್ರತಿ ಗಂಜ್‌ನ ಮುಂದೆ ಕನ್ನಡದಲ್ಲಿ ತಿಳಿಯಾಗಿ ಬರೆದ ಫಲಕ ನಿಲ್ಲಲಿ. ನೀರು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂಬ ಎರಡು ಮಾತು ಅದರಲ್ಲಿದ್ದರೆ ಸಾಕು. ಆಯಾ ಓಣಿಯ ಹುಡುಗ ಹುಡುಗಿಯರಿಗೇ ಗೈಡ್ ತರಬೇತಿ ಕೊಡಿಸಿ. ಟಾಂಗಾದವರನ್ನು ಬಿಡಬೇಡಿ, ಊರು ನೋಡಲು ಅವರ ವೇಗವೇ ಸರಿ. ಮಧ್ಯಾಹ್ನದ ಊಟಕ್ಕೆ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಬಡಿಸುವ ಖಾನಾವಳಿಗಳು ದಾರಿಯುದ್ದಕ್ಕೂ ಇವೆ.

ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ. ಊರಿನ ಮನೆಮನೆಗೂ ನೆಂಟರು ಬರುವ ಹೊತ್ತು. ಅಷ್ಟರೊಳಗೆ ಒಂದೇ ಒಂದು ಓಣಿಯ ಗಂಜ್ ಸುತ್ತ ಚೊಕ್ಕಟ ಮಾಡಿಸಿ, ಫಲಕ ನಿಲ್ಲಿಸಿಕೊಡಿ. ಆ ಓಣಿಯಲ್ಲಿ ಬಂದವರಿಗೆ ವಿವರಿಸಿ ಹೇಳಲು ನನ್ನಂಥ ನಿವೃತ್ತರು ಊರಲ್ಲಿ ಬೇಕಾದಷ್ಟು ಮಂದಿ ಇದ್ದೇವೆ. ಕರೆದರೆ ಅಂದೇ ಬರುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ವಿಜಯಪುರದ ಒಬ್ಬ ನಾಗರಿಕ