ಮಂಡಿಗೊಂದು ರೋಬೋ, ಜೇಬಿಗೊಂದು ಕತ್ತರಿ

ಮುಂಬಯಿಯಲ್ಲಿ ಈಗ ಎಲ್ಲಿ ನೋಡಿದರೂ ಮಂಡಿಯ ಜಾಹೀರಾತು. ‘ರೋಬೋಟಿಕ್’, ‘ಹೊಲಿಗೆ ಇಲ್ಲ’, ‘ನೋವಿಲ್ಲ’... ಊರಿಂದ ಬರುವ ನೆಂಟರಿಗೆಲ್ಲ ಮೂವತ್ತು ವರ್ಷದಿಂದ ಆಸ್ಪತ್ರೆಯ ದಾರಿ ತೋರಿಸುತ್ತಿರುವವನು ನಾನು. ಹಾಗಾಗಿ ನನಗೆ ಸಿಟ್ಟು ಸ್ವಲ್ಪ ಜಾಸ್ತಿಯೇ.

ಅಕ್ಕನನ್ನು ಕರೆದುಕೊಂಡು ಹೋದ ಒಂದು ಆಸ್ಪತ್ರೆಯಲ್ಲಿ ಡಾಕ್ಟರಿಗಿಂತ ಮೊದಲು ಸಿಕ್ಕಿದ್ದು ಪ್ಯಾಕೇಜ್ ಹೇಳುವ ಹುಡುಗಿ. ರೋಬೋಗೆ ಒಂದೂವರೆ ಲಕ್ಷ ಹೆಚ್ಚು. “ಅಕ್ಕನ ಕಾಲಿನ ವಿಷಯ ಸರ್, ದುಡ್ಡು ನೋಡ್ತೀರಾ?” ಅಂದಳು. ಇದು ವೈದ್ಯಕೀಯವೋ, ಸೀರೆ ಅಂಗಡಿಯೋ ನೀವೇ ಹೇಳಿ!

ರೋಬೋ ಸುಳ್ಳು ಎನ್ನುತ್ತಿಲ್ಲ. ಮೂಳೆಯನ್ನು ಲೆಕ್ಕ ಹಾಕಿದ ಕೋನಕ್ಕೆ ಹೆಚ್ಚು ಕರಾರುವಾಕ್ಕಾಗಿ ಕೊಯ್ಯಲು ಅದು ನೆರವಾಗುತ್ತದೆ, ನಿಜ. ಆದರೆ ರೋಗಿಗೆ ಬೇಕಾದದ್ದು ಎಕ್ಸ್‌ರೇಯಲ್ಲಿ ನೇರ ಗೆರೆಯಲ್ಲ, ಮೆಟ್ಟಿಲು ಹತ್ತುವ ಕಾಲು. ಕೊರಿಯಾದ ಕಿಮ್ ಮತ್ತು ಸಂಗಡಿಗರು ರೋಗಿಗಳನ್ನು ಎರಡು ಗುಂಪು ಮಾಡಿ ಹತ್ತು ವರ್ಷಕ್ಕೂ ಮೇಲೆ ಗಮನಿಸಿ 2020ರಲ್ಲಿ ವರದಿ ಪ್ರಕಟಿಸಿದರು. ನಡಿಗೆಯಲ್ಲಾಗಲಿ, ಕೀಲಿನ ಬಾಳಿಕೆಯಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ಅದು ಹಳೆಯ ಯಂತ್ರ ಅನ್ನುತ್ತಾರೆ. ಸರಿ ಸ್ವಾಮಿ, ಹಾಗಾದರೆ ಹೊಸದಕ್ಕೆ ಅಷ್ಟು ವರ್ಷದ ಪುರಾವೆ ತೋರಿಸಿ, ಆಮೇಲೆ ಲಕ್ಷ ಕೇಳಿ.

‘ಸ್ನಾಯು ಕೊಯ್ಯದ ವಿಧಾನ’ದ ಕಥೆಯೂ ಇದೇ. ಮಾಮೂಲಿ ವಿಧಾನದಲ್ಲಿ ತೊಡೆಯ ಸ್ನಾಯುವಿನ ಕಂಡರವನ್ನು ಸೀಳಿ ಒಳಗೆ ಹೋಗುತ್ತಾರೆ. ಸಬ್‌ವಾಸ್ಟಸ್‌ನಲ್ಲಿ ಸ್ನಾಯುವನ್ನು ಕೆಳಗಿನಿಂದ ಎತ್ತಿ ಪಕ್ಕಕ್ಕೆ ಸರಿಸುತ್ತಾರೆ. ಮೊದಲ ಕೆಲವು ದಿನ ಕಾಲು ಬೇಗ ಎತ್ತಬಹುದು, ನೋವೂ ಕಡಿಮೆ ಇರಬಹುದು. ವರ್ಷ ಕಳೆದರೆ ಇಬ್ಬರೂ ಹೆಚ್ಚುಕಮ್ಮಿ ಒಂದೇ. ತುಂಬ ದಪ್ಪ ಕಾಲಿನವರಿಗೆ ಅದು ಕಷ್ಟದ ದಾರಿ ಎಂಬುದನ್ನು ಮಾತ್ರ ಜಾಹೀರಾತು ಹೇಳುವುದಿಲ್ಲ!

2017ರ ಆಗಸ್ಟಿನಲ್ಲಿ ಸರಕಾರ ಕೃತಕ ಮಂಡಿಗೆ ಬೆಲೆ ಮಿತಿ ಹಾಕಿತು. ಮಾಮೂಲಿ ಕೋಬಾಲ್ಟ್ ಕ್ರೋಮಿಯಂ ಕೀಲಿಗೆ ಜಿ.ಎಸ್.ಟಿ. ಬಿಟ್ಟು 54,720 ರೂಪಾಯಿ. ಕೀಲಿಗೆ ಮಿತಿ ಬಂತು, ಯಂತ್ರದ ಬಾಡಿಗೆಗೆ ಬರಲಿಲ್ಲ. ಗಳಿಕೆ ಎತ್ತ ಸರಿಯಿತು ಅಂತ ಊಹಿಸಲು ಸಿ.ಎ. ಓದಬೇಕಿಲ್ಲ.

ಮಾಮೂಲಿ ಆಪರೇಷನ್ನೇನು ಕಳಪೆಯೇ? 2019ರ ಲ್ಯಾನ್ಸೆಟ್ ಲೇಖನದ ಪ್ರಕಾರ ನೂರರಲ್ಲಿ ಸುಮಾರು 82 ಮಂಡಿಗಳು 25 ವರ್ಷ ಬಾಳುತ್ತವೆ. ಅವೆಲ್ಲ ಈ ರೋಬೋಗಳ ಭರಾಟೆಗೆ ಮುಂಚೆ ಹಾಕಿದವು ಮಾರಾಯ್ರೆ.

ಆದ್ದರಿಂದ ಊರಿಂದ ಫೋನ್ ಮಾಡುವವರಿಗೆ ನಾನು ಹೇಳುವುದಿಷ್ಟು: ಯಂತ್ರದ ಹೆಸರು ಕೇಳಬೇಡಿ. ಡಾಕ್ಟರು ವರ್ಷಕ್ಕೆ ಎಷ್ಟು ಮಂಡಿ ಮಾಡುತ್ತಾರೆ, ಸೋಂಕು ಎಷ್ಟು ಜನಕ್ಕೆ ಆಗಿದೆ, ಮನೆಗೆ ಬಂದ ಮೇಲೆ ಫಿಸಿಯೋಥೆರಪಿ ಮಾಡಿಸುವವರು ಯಾರು, ಇದನ್ನು ಕೇಳಿ. ಬಿಲ್ಲಿನಲ್ಲಿ ಕೀಲಿನ ಬೆಲೆ ಬೇರೆಯಾಗಿ ಬರೆಸಿಕೊಳ್ಳಿ. ಅಕ್ಕ ಬೇರೆ ಕಡೆ ಮಾಮೂಲಿ ವಿಧಾನದಲ್ಲೇ ಮಾಡಿಸಿಕೊಂಡಳು. ಉಳಿದ ದುಡ್ಡಿನಲ್ಲಿ ಮೂರು ತಿಂಗಳು ಫಿಸಿಯೋಥೆರಪಿಯವರು ಮನೆಗೇ ಬಂದರು.