ಹನ್ನೊಂದೂವರೆಗೆ ಯಾವ ಕೊಠಡಿಯಲ್ಲಿ ಮೇಷ್ಟ್ರಿದ್ದಾರೆ?

ಜೂನ್ ಹತ್ತಿರವಾದರೆ ನಮ್ಮ ಕಡೆ ಒಂದೇ ಮಾತು: ‘ಯಾವ ಸ್ಕೂಲು ಪರವಾಗಿಲ್ಲ, ಹೇಳಪ್ಪ?’ ತಿಪಟೂರು ಸೀಮೆಯ ತೆಂಗಿನ ತೋಟಗಳ ಹಳ್ಳಿಗಳಲ್ಲಿ ಗ್ರಾಮೀಣ ಡಾಕ್ ಸೇವಕನಾಗಿ ಟಪಾಲು ಹಂಚಿದವನು ನಾನು. ಸರ್ವೀಸು ಮುಗಿದ ಮೇಲೂ ಜನ ನನ್ನನ್ನೇ ಕೇಳುತ್ತಾರೆ. ಅದಕ್ಕೆ ಕಾರಣವೂ ಇದೆ. ತನಿಖೆಗೆ ಬರುವ ಸಾಹೇಬರಿಗಾಗಿ ಶಾಲೆ ಅಂಗಳ ಗುಡಿಸಿ, ರಂಗೋಲಿ ಹಾಕಿ ಕಾಯುತ್ತದೆ. ಪೋಸ್ಟಿನವನಿಗಾಗಿ ಯಾರೂ ಕಾಯುವುದಿಲ್ಲ. ನನ್ನ ದಾರಿಯಲ್ಲಿದ್ದ ಮೂರು ಸರ್ಕಾರಿ ಪ್ರಾಥಮಿಕ ಶಾಲೆಗಳನ್ನೂ ನಾನು ನೋಡಿದ್ದು ಮಾಮೂಲಿ ದಿನದಲ್ಲಿ, ಮಾಮೂಲಿ ಅವತಾರದಲ್ಲಿ.

ಹೆಸರು ಬೇಡ. ಒಂದು ಟಾರು ರಸ್ತೆ ಪಕ್ಕದ ಹಿರಿಯ ಪ್ರಾಥಮಿಕ ಶಾಲೆ. ಒಂದರಿಂದ ಐದರವರೆಗೇ ನೂರೈವತ್ತರ ಆಸುಪಾಸು ಮಕ್ಕಳು. ಇನ್ನೊಂದು ಕೆರೆ ಏರಿ ಕೆಳಗಿನ ಕಿರಿಯ ಪ್ರಾಥಮಿಕ, ಐವತ್ತಕ್ಕೆ ಮೇಲೆ. ಮೂರನೆಯದು ತೋಟಗಳ ನಡುವಿನದು. ಇಪ್ಪತ್ತು ದಾಟಿದರೆ ಅದೇ ಹಬ್ಬ.

ಅಪ್ಪ ಅಮ್ಮಂದಿರ ಹೋಲಿಕೆ ಬೇಗ ಮುಗಿಯುತ್ತದೆ. ಗೋಡೆಗೆ ರೈಲು ಬೋಗಿಯ ಬಣ್ಣ ಹೊಡೆದಿದೆಯೇ? 2019ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆದ ಮೇಲೆ, ‘ಇಲ್ಲೂ ಇಂಗ್ಲಿಷ್ ಮೀಡಿಯಂ ಉಂಟೇ?’ ಎಂಬುದೂ ಸೇರಿತು. ಕೊನೆಗೆ, ಮಕ್ಕಳೆಷ್ಟು? ಜನ ತುಂಬಿದ ಹೋಟೆಲಿನಲ್ಲಿ ತಿಂಡಿ ಚೆನ್ನಾಗಿರುತ್ತದೆ ಎಂಬ ಲೆಕ್ಕಾಚಾರ. ಬಿಸಿಯೂಟ, ಹಾಲು, ಮೊಟ್ಟೆ ಮೂರೂ ಕಡೆ ಒಂದೇ ಆದ್ದರಿಂದ ಆ ಮಾತು ಯಾರೂ ಎತ್ತುವುದಿಲ್ಲ. ಶೌಚಾಲಯದ ಬೀಗದ ಕೈ ಯಾರ ಬಳಿ ಇರುತ್ತದೆ ಎಂದು ಕೇಳಿದವರನ್ನೂ ಕಾಣೆ. ಹೆಣ್ಣು ಮಕ್ಕಳ ತಾಯಂದಿರು ಕೇಳಬೇಕು.

ನನ್ನ ಪ್ರಶ್ನೆ ಬೇರೆ. ಬೆಳಿಗ್ಗೆ ಹನ್ನೊಂದೂವರೆಗೆ ಎಷ್ಟು ಕೊಠಡಿಯಲ್ಲಿ ಮೇಷ್ಟ್ರು ಅಥವಾ ಮಿಸ್ಸು ಇದ್ದಾರೆ?

2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ, ಐದನೇ ತರಗತಿವರೆಗೆ 60 ಮಕ್ಕಳ ತನಕ ಇಬ್ಬರು ಶಿಕ್ಷಕರು, 61ರಿಂದ 90ಕ್ಕೆ ಮೂವರು, 91ರಿಂದ 120ಕ್ಕೆ ನಾಲ್ವರು, 121ರಿಂದ 200ಕ್ಕೆ ಐವರು. ಅಂದರೆ ತೋಟದ ಶಾಲೆಗೂ ಇಬ್ಬರು, ಕೆರೆ ಕೆಳಗಿನದಕ್ಕೂ ಇಬ್ಬರು. ತಲೆ ಲೆಕ್ಕದಲ್ಲಿ ತೋಟದ ಶಾಲೆ ಶ್ರೀಮಂತ: ಹತ್ತು ಮಕ್ಕಳಿಗೊಬ್ಬರು. ತರಗತಿ ಲೆಕ್ಕ ಹಿಡಿದರೆ ಎರಡೂ ಬಡವೇ: ಐದು ತರಗತಿಗೆ ಇಬ್ಬರು. ಆ ಇಬ್ಬರಲ್ಲಿ ಒಬ್ಬರು ಮುಖ್ಯ ಶಿಕ್ಷಕರು. ಬಿಇಒ ಕಚೇರಿಯ ಮೀಟಿಂಗು, ತರಬೇತಿ, ಆನ್‌ಲೈನ್ ಮಾಹಿತಿ ತುಂಬುವುದು, ಎಲ್ಲಕ್ಕೂ ಹೋಗಬೇಕಾದವರು ಅವರೇ. ಅವರು ಬಸ್ಸು ಹತ್ತಿದ ದಿನ ಐದು ತರಗತಿಗೆ ಉಳಿಯುವುದು ಒಬ್ಬರು. ರಸ್ತೆ ಪಕ್ಕದ ಶಾಲೆಯಲ್ಲೂ ಮೀಟಿಂಗಿಗೆ ಹೋಗುತ್ತಾರೆ, ಆದರೆ ಅಲ್ಲಿ ಖಾಲಿಯಾಗುವುದು ಒಂದು ಕೊಠಡಿ ಮಾತ್ರ.

ಮೂರು ತರಗತಿಯನ್ನು ಒಟ್ಟಿಗೆ ಕೂರಿಸಿದ್ದಾರೆ ಎಂದು ಮೂಗು ಮುರಿಯುವವರಿಗೆ ಒಂದು ಮಾತು. ಒಂದರಿಂದ ಮೂರರವರೆಗಿನ ನಲಿ-ಕಲಿ ಇರುವುದೇ ಹಾಗೆ. 1995ರಲ್ಲಿ ಎಚ್.ಡಿ. ಕೋಟೆಯ ಮೇಷ್ಟ್ರುಗಳು ಶುರುಮಾಡಿದ್ದನ್ನು ಆಮೇಲೆ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ತಂದರು. ತೋಟದ ಶಾಲೆಯಲ್ಲಿ ಇಬ್ಬರೂ ಹಾಜರಿದ್ದ ದಿನ ಆ ಕೊಠಡಿ ನೋಡಬೇಕು. ತಲೆಮೇಲೆ ದಾರ ಕಟ್ಟಿದ ಚಪ್ಪರ, ಅದರ ತುಂಬ ಮಕ್ಕಳೇ ಬರೆದ ಎಲೆ, ಹೂವು, ಟ್ರ್ಯಾಕ್ಟರು. ನೆಲದ ಮೇಲೆ ಗುಂಪು ಗುಂಪಾಗಿ ಕೂತಿರುತ್ತಾರೆ. ಒಂದು ಗುಂಪು ಮಿಸ್ಸಿನ ಮುಂದೆ, ಇನ್ನೊಂದು ಕಾರ್ಡು ಹಿಡಿದು ಒಬ್ಬರಿಗೊಬ್ಬರು ಹೇಳಿಕೊಡುತ್ತ, ಮೂಲೆಯಲ್ಲೊಬ್ಬ ತನ್ನಷ್ಟಕ್ಕೆ ಬರೆಯುತ್ತ. ನಾನು ಒಳಗೆ ಕಾಲಿಟ್ಟರೆ ಚೀಲಕ್ಕೇ ಮುತ್ತಿಗೆ. ಕವರಿನ ಮೇಲಿನ ವಿಳಾಸ ಓದಿದವರಿಗೇ ಅದನ್ನು ಮಿಸ್ಸಿನ ಕೈಗೆ ಕೊಡುವ ಮರ್ಯಾದೆ. ಮೂರನೇ ತರಗತಿಯ ಹುಡುಗಿ ‘ಮುಖ್ಯೋಪಾಧ್ಯಾಯರು’ ಎಂಬುದನ್ನು ಒತ್ತಕ್ಷರ ಬಿಡದೆ ಓದುತ್ತಿದ್ದಳು. ರಸ್ತೆ ಪಕ್ಕದ ಶಾಲೆಯಲ್ಲಿ ಇದೇ ಆಟಕ್ಕೆ ಐದನೆಯವರಲ್ಲೇ ಕೆಲವರು ಮೆಲ್ಲಗೆ ಹಿಂದೆ ಸರಿಯುತ್ತಿದ್ದರು. ಇದು ಪರೀಕ್ಷೆಯಲ್ಲ, ಗೊತ್ತು. ಆದರೆ ಮೂವತ್ತು ಮಕ್ಕಳಲ್ಲಿ ಹಿಂದೆ ಸರಿಯುವುದಕ್ಕೆ ಜಾಗವಿದೆ, ಆರು ಮಕ್ಕಳಲ್ಲಿ ಇಲ್ಲ.

ಇದೇ ತೋಟದ ಶಾಲೆ ಒಬ್ಬರೇ ಉಳಿದ ದಿನ ಗುರುತೇ ಸಿಗುವುದಿಲ್ಲ. ನಾಲ್ಕು, ಐದನೆಯವರನ್ನೂ ಅದೇ ಕೊಠಡಿಗೆ ತಂದು ‘ಮಗ್ಗಿ ಬರೀರಿ’ ಎನ್ನುವುದು. ಕಾರ್ಡಿನ ಪೆಟ್ಟಿಗೆ ಕಪಾಟಿನಿಂದ ಇಳಿಯುವುದೇ ಇಲ್ಲ.

ಹೀಗಾಗಿ ಚಿಕ್ಕ ಶಾಲೆ ಮುಚ್ಚಿ ದೊಡ್ಡದಕ್ಕೆ ಸೇರಿಸಿ ಎಂಬ ವಾದ ನನಗೆ ಒಪ್ಪಿಗೆಯಿಲ್ಲ. ಆರು ವರ್ಷದ ಕೂಸು ಹೆದ್ದಾರಿ ದಾಟಬೇಕು, ಇಲ್ಲ ಅಪ್ಪ ಕೂಲಿ ಬಿಟ್ಟು ಬೈಕಿನಲ್ಲಿ ಬಿಡಬೇಕು. ತೋಟದ ಶಾಲೆಗಿರುವ ಕಾಯಿಲೆ ಮಕ್ಕಳ ಕೊರತೆಯಲ್ಲ, ಮೀಟಿಂಗಿನ ದಿನದ ಮೇಷ್ಟ್ರ ಕೊರತೆ. ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಬಿಟ್ಟರೆ ಶಿಕ್ಷಕರನ್ನು ಬೇರೆ ಕೆಲಸಕ್ಕೆ ಹಚ್ಚಬಾರದು ಎಂದು ಅದೇ ಕಾಯ್ದೆಯ 27ನೇ ಸೆಕ್ಷನ್ ಹೇಳುತ್ತದೆ. ಮೀಟಿಂಗು ಅದರಡಿ ಬರುವುದಿಲ್ಲ ಎಂದು ವಾದಿಸಬಹುದು. ಮಗ್ಗಿ ಬರೆಯುತ್ತ ಕೂತ ಮಕ್ಕಳಿಗೆ ಯಾವ ಸೆಕ್ಷನ್ನಾದರೇನು?

ನಮ್ಮ ಅಂಚೆಯಲ್ಲಿ ರಜೆ ಬೇಕೆಂದರೆ ಮೊದಲು ಬದಲಿಯವನನ್ನು ತೋರಿಸಬೇಕಿತ್ತು. ಜ್ವರ ಬಂದರೂ ಚೀಲ ನಿಲ್ಲುವಂತಿರಲಿಲ್ಲ. ಪ್ರತಿ ಕ್ಲಸ್ಟರಿಗೂ ಹಾಗೊಬ್ಬ ಬದಲಿ ಶಿಕ್ಷಕರಿರಲಿ. ಇಂದು ಈ ಶಾಲೆ, ನಾಳೆ ಆ ಶಾಲೆ. ಬಂದ ಮೇಷ್ಟ್ರೆಷ್ಟು, ತರಗತಿ ಎಷ್ಟು ಎಂದು ಗೇಟಿನ ಬಳಿ ದಿನವೂ ಬರೆದು ಹಾಕಲಿ, ಪಂಚಾಯ್ತಿಯವರು ಅದನ್ನು ಮಕ್ಕಳ ಗ್ರಾಮಸಭೆಯಲ್ಲಿ ಓದಲಿ. ದುಡ್ಡೆಲ್ಲಿ ಎನ್ನುತ್ತಾರೆ. ಅತಿಥಿ ಶಿಕ್ಷಕರನ್ನು ಹೇಗೂ ವರ್ಷವರ್ಷವೂ ತೆಗೆದುಕೊಳ್ಳುತ್ತಾರಲ್ಲ, ಅವರಲ್ಲೊಬ್ಬರನ್ನು ಶಾಲೆಗೆ ಬದಲು ಕ್ಲಸ್ಟರಿಗೆ ಹಾಕಿ, ಪೆಟ್ರೋಲಿನ ಖರ್ಚು ಸೇರಿಸಿ ಕೊಟ್ಟರಾಯಿತು.