ಕಾಯುವ ಹೂವು, ತೇಲುವ ದೋಣಿ

ಮಕ್ಕಳೇ, ಈ ವಾರ ನನ್ನದೇ ಒಂದು ತಪ್ಪಿನ ಲೆಕ್ಕ ಒಪ್ಪಿಸುತ್ತೇನೆ.

ದಾವಣಗೆರೆಯ ನಮ್ಮ ಮನೆಯಲ್ಲಿ ಮೊಮ್ಮಗಳ ಮೀನಿನ ತೊಟ್ಟಿಯಿದೆ. ಅದರಲ್ಲಿ ರಿಬ್ಬನ್ನಿನಂಥ ಎಲೆಯ ಗಿಡ. ಒಂದು ಬೆಳಿಗ್ಗೆ ಅದರ ಬುಡದಿಂದ ಸುರುಳಿ ಸುರುಳಿಯಾದ ದಾರವೊಂದು ನೀರಿನ ಮೇಲಕ್ಕೆ ಬಂದಿತ್ತು. ಕಸವೆಂದು ಕತ್ತರಿಸಿಬಿಟ್ಟೆ.

ಶಾಲೆಯಿಂದ ಬಂದವಳು "ಅಜ್ಜಾ, ಅದು ಹೂವು!" ಎಂದು ಅಳು ತೆಗೆದಳು.

"ನೀರೊಳಗಿನ ಹುಲ್ಲಿಗೆಲ್ಲಿ ಹೂವು?" ಎನ್ನುತ್ತಲೇ ಬ್ಯಾಂಕಿನಲ್ಲಿ ಸಹಿ ನೋಡುತ್ತಿದ್ದ ಭೂತಗನ್ನಡಿ ಹಿಡಿದೆ. ದಾರದ ತುದಿಯಲ್ಲಿ ಹೂವಿತ್ತು! ತಪ್ಪಾಯಿತೆಂದು ಒಪ್ಪಿಕೊಂಡು, ಇಬ್ಬರೂ ಓದಲು ಕೂತೆವು.

ಗಿಡದ ಹೆಸರು ವ್ಯಾಲಿಸ್ನೇರಿಯಾ. ಇಟಲಿಯ ವಿಜ್ಞಾನಿ ಆಂಟೋನಿಯೊ ವ್ಯಾಲಿಸ್ನೇರಿ (1661–1730) ಅವರ ನೆನಪಿನ ಹೆಸರು. ಇದರಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಗಂಡು ಹೂಗಳು ನೀರಿನ ತಳದಲ್ಲಿ, ಗಿಡದ ಬುಡದ ಚೀಲವೊಂದರಲ್ಲಿ ನೂರಾರು ಒತ್ತೊತ್ತಾಗಿ ಹುಟ್ಟುತ್ತವೆ. ಒಂದೊಂದೂ ಗಸಗಸೆಯಷ್ಟು. ಚೀಲ ಬಿರಿದಾಗ ತೊಟ್ಟು ಕಳಚಿಕೊಂಡು ಗುಳ್ಳೆಗಳಂತೆ ಮೇಲೇರುತ್ತವೆ. ಅಲ್ಲಿ ಎಸಳುಗಳನ್ನು ಹಿಂದಕ್ಕೆ ಬಾಗಿಸಿ, ಪುಟ್ಟ ದೋಣಿಗಳಾಗಿ ತೇಲುತ್ತವೆ. ಕೇಸರಗಳು ನೆಟ್ಟಗೆ ನಿಲ್ಲುವುದರಿಂದ ಪರಾಗ ಒದ್ದೆಯಾಗುವುದಿಲ್ಲ. ಅಂಟಂಟಾದ್ದರಿಂದ ಗಾಳಿಗೂ ಹಾರುವುದಿಲ್ಲ.

ಹೆಣ್ಣು ಹೂವು ಉದ್ದ ತೊಟ್ಟಿನ ತುದಿಯಲ್ಲಿ, ನೀರಿನ ಮೇಲ್ಮೈಯಲ್ಲಿ ಕಾಯುತ್ತದೆ. ನಾವು ಹಾಸಿಗೆಯ ಮೇಲೆ ಕುಳಿತರೆ ತಗ್ಗಾಗುವಂತೆ ಅದರ ಸುತ್ತ ನೀರು ತುಸು ತಗ್ಗುತ್ತದೆ. ಹತ್ತಿರ ಬಂದ ದೋಣಿ ಆ ತಗ್ಗಿಗೆ ಜಾರಿ ವಾಲಿತೋ, ಪರಾಗ ಹೆಣ್ಣು ಹೂವಿನ ಶಲಾಕಾಗ್ರಕ್ಕೆ ತಗಲುತ್ತದೆ. ಆಮೇಲೆ ತೊಟ್ಟು ಬಿಗಿಯಾಗಿ ಸುರುಳಿ ಸುತ್ತಿಕೊಂಡು ಹೂವನ್ನು ಕೆಳಗೆಳೆಯುತ್ತದೆ. ಕಾಯಿ ಬಲಿಯುವುದು ನೀರೊಳಗೇ. ತಾವರೆಯೂ ನೀರಿನ ಹೂವೇ, ಆದರೆ ಅದಕ್ಕೆ ದುಂಬಿ, ಜೇನು ಬೇಕು. ಇದಕ್ಕೆ ನೀರೇ ದುಂಬಿ!

ತಿಂಗಳ ನಂತರ ಇನ್ನೊಂದು ಹೂವು ಬಂತು. ಕಾದೆವು. ಒಂದು ದೋಣಿಯೂ ಬರಲಿಲ್ಲ. ತೊಟ್ಟಿಯ ಗಿಡಗಳೆಲ್ಲ ನಾವು ತಂದ ಒಂದೇ ಹೆಣ್ಣು ಗಿಡದಿಂದ ಹಬ್ಬಿ ಚಿಗುರಿದವು.

"ಪಾಪ ಅಜ್ಜಾ, ಹರಿಹರದಲ್ಲಿ ಹೊಳೆಗೆ ಬಿಡೋಣ, ಜೊತೆ ಸಿಕ್ತದೆ."

"ಬೇಡ ಪುಟ್ಟಿ. ಅಂಗಡಿಯ ಗಿಡ ಯಾವ ದೇಶದ್ದೋ! ಹೂವು ಚೆಂದವೆಂದು ದಕ್ಷಿಣ ಅಮೆರಿಕದಿಂದ ತಂದ ವಾಟರ್ ಹಯಸಿಂತ್ ಈಗ ಎಷ್ಟು ಕೆರೆಗಳನ್ನು ಮುಚ್ಚಿದೆ ನೋಡು."

ಆದರೂ ಭಾನುವಾರ ಹರಿಹರಕ್ಕೆ ಹೋದೆವು, ಗಿಡ ಬಿಡಲಿಕ್ಕಲ್ಲ, ಹುಡುಕಲಿಕ್ಕೆ. ನಮ್ಮ ದೇಶದ ಕೆರೆ, ಹೊಳೆಗಳಲ್ಲೂ ಈ ಕುಲದ ಗಿಡಗಳು ಇವೆಯಲ್ಲ! ತುಂಗಭದ್ರೆಯ ಮೆಟ್ಟಿಲ ಮೇಲೆ ಕುಳಿತು, ಭೂತಗನ್ನಡಿ ಹಿಡಿದು ಗಸಗಸೆಯಂಥ ದೋಣಿ ಹುಡುಕಿದೆವು. ಸಿಗಲಿಲ್ಲ.

ಮುಂದಿನ ಭಾನುವಾರ ಮತ್ತೆ ಹೋಗುತ್ತೇವೆ. ನೀವೂ ನಿಮ್ಮೂರಿನ ಕೆರೆಯಲ್ಲಿ ನೋಡಿ. ನೀರಿಗಿಳಿಯಬೇಡಿ, ಅಜ್ಜನನ್ನೋ ಅಜ್ಜಿಯನ್ನೋ ಜೊತೆಗೆ ಕರೆದೊಯ್ಯಿರಿ.